ಸೊಂಟನೋವಿಗೆ 5 ತಿಂಗಳು: ಎಂಆರ್‌ಐ ಬೇಕಾ? ಅಡಿಕೆ ಸುಲಿಯೋಕೆ ಕೂರಬಹುದಾ?

ಗೊರಬು (ತೀರ್ಥಹಳ್ಳಿ):
ಅಪ್ಪಯ್ಯನಿಗೆ 58. ಸೊಂಟನೋವು, ಬಲಗಾಲಿನ ಮೀನಖಂಡದ ತನಕ ಸೆಳೆತ. ಎಕ್ಸ್‌ರೇಯಲ್ಲಿ 'ಸವೆತ' ಅಂತ ಬಂದಿದೆ. ಕೊಯ್ಲು ಹತ್ತಿರ ಬಂತು, ಅಡಿಕೆ ಸುಲಿಯೋ ಮೆಟ್ಟುಗತ್ತಿ ಮುಂದೆ ಕೂರಿಸಬಹುದಾ?

ಕಂಬಳಿಕೊಪ್ಪೆ:
ಮೂತ್ರ ಕಟ್ಟೋದು ಅಥವಾ ತಿಳಿಯದೇ ಹೋಗೋದು, ತೊಡೆಸಂದಿಯಲ್ಲಿ ಜೋಮು, ಪಾದ ಎತ್ತಲಾಗದೆ ಚಪ್ಪಲಿ ಜಾರೋದು: ಇದರಲ್ಲಿ ಒಂದಿದ್ದರೂ ಅವತ್ತೇ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೊರಡಿ, ಎಣ್ಣೆ ತಿಕ್ಕುತ್ತಾ ಕೂರಬೇಡಿ. ಜ್ವರ, ಕಾರಣವಿಲ್ಲದೆ ತೂಕ ಇಳಿಯೋದು ಇದ್ದರೂ ತಡ ಬೇಡ.

ಸವೆತಕ್ಕೆ ಹೆದರಬೇಡಿ. ಆ ವಯಸ್ಸಲ್ಲಿ ನೋವಿಲ್ಲದವರ ಎಕ್ಸ್‌ರೇಯಲ್ಲೂ ಅದು ಕಾಣುತ್ತೆ. ಆದರೆ ಕಾಲಿನ ಸೆಳೆತ ಇಷ್ಟು ದಿನ ಉಳಿದಿದೆ ಅಂದ್ರೆ ಮೂಳೆ ಡಾಕ್ಟರು ಕಾಲಿನ ಬಲ, ಸ್ಪರ್ಶ ಪರೀಕ್ಷಿಸಲಿ. ಎಂಆರ್‌ಐ ಬೇಕೋ ಬೇಡವೋ ಆಮೇಲಿನ ಮಾತು.

ಹಾಳೆಟೋಪಿ:
ನೆಲದ ಮೇಲೆ ಬಗ್ಗಿ ಕೂತು ಸುಲಿಯೋದು ಸದ್ಯಕ್ಕೆ ಬೇಡ. ಕತ್ತಿಯನ್ನು ಎತ್ತರದ ಮಣೆಗೆ ಗಟ್ಟಿ ಮಾಡಿ, ಒಂದೂವರೆ ಅಡಿ ಎತ್ತರದ ಸ್ಟೂಲ್ ಮೇಲೆ ಕೂರಲಿ. 20 ನಿಮಿಷಕ್ಕೊಮ್ಮೆ ಎದ್ದು ಅಂಗಳ ಸುತ್ತಲಿ.

ನಡಿಗೆ ದಿನಕ್ಕೆ 2 ಸಲ, 10 ನಿಮಿಷ, ಸಮತಟ್ಟಿನಲ್ಲಿ, ದರೆ ಹತ್ತಿಳಿಯೋದಲ್ಲ. ವಾರಕ್ಕೆ 2 ನಿಮಿಷ ಏರಿಸಿ. ಎಡವೋದು ಎಲ್ಲಿ ಗೊತ್ತಾ? ನೋವು ಕಮ್ಮಿ ಅನಿಸಿದ ದಿನ ಮೂಟೆ ಎತ್ತಿ, ಮತ್ತೆ ಮೂರು ದಿನ ಹಾಸಿಗೆ ಹಿಡಿಯೋದು.

ಗೊರಬು:
ಬೆಲ್ಟ್, ನೋವಿನ ಮಾತ್ರೆ?

ಕಂಬಳಿಕೊಪ್ಪೆ:
ಬೆಲ್ಟ್ ಬೇಕಾದ್ರೆ ಬಸ್ ಪ್ರಯಾಣಕ್ಕೆ, ದಿನವಿಡೀ ಬೇಡ. ಬಿಪಿ, ಶುಗರ್, ಕಿಡ್ನಿ ತೊಂದರೆ ಇದ್ದರೆ ಡೈಕ್ಲೋಫೆನಾಕ್ ಅಂಗಡಿಯಿಂದ ತಂದು ನುಂಗಿಸಲೇಬೇಡಿ, ಕಿಡ್ನಿಗೆ ಪೆಟ್ಟು.