ಫಸ್ಟ್ ಕಾಪಿ ಶೂ ತಗೋಬಹುದಾ? ಅನುಭವ ಇದ್ದವರು ಹೇಳಿ

ಕಲಬುರಗಿಯ ಅಣ್ಣ-ಅಕ್ಕಂದಿರೇ, ಒಂದು ಸಲಹೆ ಬೇಕು. ನನ್ನ ತಮ್ಮ ಪೊಲೀಸ್ ಕಾನ್‌ಸ್ಟೆಬಲ್ ಆಗಲು ತಯಾರಿ ಮಾಡುತ್ತಿದ್ದಾನೆ. ದಿನಾ ಬೆಳಿಗ್ಗೆ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ಓಡುತ್ತಾನೆ. ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡಿಯಲ್ಲಿ ನೈಕಿ ಶೂ 1,400ಕ್ಕೆ ಕೊಡುತ್ತೇನೆ ಅಂದರು. "ಫಸ್ಟ್ ಕಾಪಿ ಅದ, ಅಸಲಿಗೂ ಇದಕ್ಕೂ ಏನೂ ಫರಕ್ ಇಲ್ರಿ" ಅಂತಾರೆ. ತಗೊಳ್ಳಲಾ?

ಉತ್ತರ 1
ಓಡೋದಕ್ಕಾದರೆ ಬೇಡ್ರಿ. ನಾನೂ ಇದೇ ಮಾತು ಕೇಳಿ ತಗೊಂಡಿದ್ದೆ. ಹೊರಗಿನಿಂದ ನೋಡಿದರೆ ಹೊಲಿಗೆ, ನೈಕಿಯ ಟಿಕ್ ಮಾರ್ಕ್ ಎಲ್ಲ ಚೊಕ್ಕ. ನಮ್ಮ ಬೇಸಿಗೆ ನಿಮಗೆ ಗೊತ್ತಲ್ವಾ? ಏಪ್ರಿಲ್ ಬಿಸಿಲಿಗೆ ಅಂಟು ಬಿಟ್ಟು, ಮುಂದಿನ ಸೋಲ್ ಮೊಸಳೆ ಬಾಯಿ ತೆರೆದ ಹಾಗೆ ಆಯಿತು. ಬಸ್ ಸ್ಟ್ಯಾಂಡ್ ಹತ್ತಿರ ಹೊಲಿಸಿದೆ. ಹೊಲಿದ ಮೇಲೆ ಶೂ ಹಲಗೆಯ ಹಾಗೆ ಗಟ್ಟಿ. ಒಳಗಿನ ಪ್ಯಾಡ್ ಎತ್ತಿ ನೋಡಿದರೆ ಕೆಳಗೆ ಮೆತ್ತನೆಯದು ಏನೂ ಇಲ್ಲ, ಬರೀ ರಟ್ಟಿನಂಥದ್ದು. ಎರಡು ತಿಂಗಳು ಹಿಮ್ಮಡಿ ನೋವು. ಪೊಲೀಸ್ ಪರೀಕ್ಷೆಯಲ್ಲಿ ಗಂಡುಮಕ್ಕಳು 1600 ಮೀಟರ್ ಆರೂವರೆ ನಿಮಿಷದಲ್ಲಿ ಓಡಬೇಕು. ಪರೀಕ್ಷೆ ದಿನದ ಓಟ ಒಂದೇ ಸಲ, ಕಾಲು ಹಾಳಾಗೋದು ದಿನಾ ಮಾಡೋ ಪ್ರಾಕ್ಟೀಸ್‌ನಲ್ಲಿ.

ಉತ್ತರ 2
ನಾನು ನಾಲ್ಕು ವರ್ಷ ಶೂ ಅಂಗಡಿಯಲ್ಲಿ ಕೆಲಸ ಮಾಡಿದವನು. ಫಸ್ಟ್ ಕಾಪಿ, ಸೆವೆನ್ ಎ, ಮಾಸ್ಟರ್ ಕಾಪಿ ಎಲ್ಲ ನಕಲಿಗೆ ಇಟ್ಟ ಹೆಸರುಗಳೇ, ರೇಟ್ ಏರಿಸಲು ಅಷ್ಟೇ. ನೈಕಿಯಲ್ಲಿ ಶೂ ನಾಲಗೆಯ (ಲೇಸ್ ಕೆಳಗಿನ ಪಟ್ಟಿ) ಒಳಗಿನ ಲೇಬಲ್ ನೋಡಿ. ಅಕ್ಷರ, ಅಂಕಿ ಸೇರಿ ಆರು, ಒಂದು ಅಡ್ಡಗೆರೆ, ಆಮೇಲೆ ಮೂರು ಅಂಕಿಯ ಕೋಡ್ ಇರುತ್ತದೆ. ಬಿಳಿ ಏರ್ ಫೋರ್ಸ್ 1 ಅನ್ನೋ ಮಾಡೆಲ್‌ಗೆ ಸಿಡಬ್ಲ್ಯೂ2288-111, ಹೀಗೆ. ಡಬ್ಬಿ ಮೇಲೂ ಅದೇ ಇರಬೇಕು. ಕಾಪಿ ಮಾಡುವವರು ಕೋಡನ್ನೂ ಕಾಪಿ ಮಾಡುತ್ತಾರೆ, ಹಾಗಾಗಿ ಅದನ್ನು ಮೊಬೈಲ್‌ನಲ್ಲಿ ಹುಡುಕಿ. ಕೈಯಲ್ಲಿ ಕರಿ ಶೂ, ಮೊಬೈಲ್‌ನಲ್ಲಿ ಕೆಂಪು ಶೂ ಬಂದರೆ ಅಲ್ಲೇ ಇಟ್ಟು ಬನ್ನಿ. ಅಡಿಡಾಸ್ ಆದರೆ ಎಡ ಬಲ ಶೂಗಳ ಲೇಬಲ್ ಮೇಲಿನ ಸೀರಿಯಲ್ ನಂಬರ್ ಬೇರೆ ಬೇರೆ ಇರಬೇಕು. ಎರಡರಲ್ಲೂ ಒಂದೇ ನಂಬರ್ ಇದ್ದರೆ ಅನುಮಾನ ಪಡಿ. ಡಬ್ಬಿ ಮೇಲೆ ಎಂಆರ್‌ಪಿ, ತಯಾರಿಸಿದ ಅಥವಾ ಆಮದು ಮಾಡಿದ ಕಂಪನಿಯ ವಿಳಾಸ, ತಿಂಗಳು, ವರ್ಷ ಇರಲೇಬೇಕು. ಕ್ಯೂಆರ್ ಕೋಡ್ ಇದೆ ಅಂತ ಮಾತ್ರ ನಂಬಬೇಡಿ, ಅದನ್ನು ಪ್ರಿಂಟ್ ಮಾಡೋದು ದೊಡ್ಡ ಕೆಲಸ ಅಲ್ಲ.

ಉತ್ತರ 3
ಆನ್‌ಲೈನ್ ತರಿಸಿದರೂ ನೆಮ್ಮದಿ ಇಲ್ಲ. ಯಾರೋ ಅಸಲಿ ಇಟ್ಟುಕೊಂಡು ನಕಲಿ ವಾಪಸ್ ಕಳಿಸಿರುತ್ತಾರೆ, ಅದು ನಮ್ಮ ಮನೆಗೆ ಬರುತ್ತದೆ. ನನಗೆ ಸೋಲ್ ಸವೆದ ಜೋಡಿಯೇ ಬಂದಿತ್ತು! ಡಬ್ಬಿ ಒಡೆಯುವಾಗ ವಿಡಿಯೊ ಮಾಡಿದ್ದಕ್ಕೆ ದುಡ್ಡು ವಾಪಸ್ ಸಿಕ್ಕಿತು.

ಉತ್ತರ 4
ನಾನು ಮದುವೆ, ಜಾತ್ರೆಗೆ ಕಾಪಿ ಶೂನೇ ಹಾಕುತ್ತೇನೆ. ಸುಮ್ನೆ ಯಾಕೆ ಸುಳ್ಳು ಹೇಳಲಿ? ಗೊತ್ತಿದ್ದೇ ತಗೊಂಡಿದ್ದು, ಅಂಗಡಿಯವನೂ ಕಾಪಿ ಅಂತಲೇ ಹೇಳಿದ್ದ. ಅಸಲಿ ಅಂತ ಹೇಳಿ ನಾಲ್ಕು ಸಾವಿರ ಕಿತ್ತುಕೊಂಡರೆ ಮಾತ್ರ ಸಿಟ್ಟು ಬರುತ್ತದೆ.

ಉತ್ತರ 5
ಮೇಲಿನವರಿಗೆ: ಕಾಪಿ ಅಂತ ಬಾಯಿಬಿಟ್ಟು ಹೇಳಿ ಮಾರಿದರೂ ಅಪರಾಧವೇ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಇದೆ. ಮೋಸ ಹೋದರೆ 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕರ ಸಹಾಯವಾಣಿ. ಆದರೆ ಬಿಲ್ ಕೈಯಲ್ಲಿರಬೇಕು. "ಬಿಲ್ ಬೇಕಾದ್ರೆ ರೇಟ್ ಬೇರೆ ಆಗ್ತದ್ರಿ" ಅಂದರೆ ಅಲ್ಲೇ ಅರ್ಥ ಮಾಡಿಕೊಳ್ಳಿ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್ ರೀ. ನಿನ್ನೆ ಸಂಜೆ ಇನ್ನೊಂದು ಅಂಗಡಿಯಲ್ಲಿ ನಮ್ಮ ದೇಶದ್ದೇ ಕಂಪನಿಯ ಓಡುವ ಶೂ 1,650ಕ್ಕೆ ತಗೊಂಡೆವು, ಬಿಲ್ ಸಮೇತ. ಟಿಕ್ ಮಾರ್ಕ್ ಇಲ್ಲ ಅಂತ ತಮ್ಮ ಮುಖ ಊದಿಸಿಕೊಂಡಿದ್ದ. ಇವತ್ತು ಐದು ಗಂಟೆಗೆ ಅದನ್ನೇ ಹಾಕಿಕೊಂಡು ಹೋಗಿದ್ದಾನೆ.