ಬಿಡುವಿನ ನೋಟಿಫಿಕೇಶನ್ ಬರ್ತಾನೇ ಇಲ್ಲ, ನನಗೇ ಬಿಡುವು ಬೇಕಾಗಿದೆ

ಉಸ್ಸಪ್ಪ_ಡೆವ್ · ಸೋಮವಾರ ರಾತ್ರಿ 10:12

ನಾಲ್ಕು ದಿನದಿಂದ ಒದ್ದಾಡ್ತಿದೀನಿ. ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಿ ನಮ್ಮಕ್ಕ ಕೆಲಸ ಮಾಡೋ ಆಫೀಸಿಗೆ ಅಂತ ಸಣ್ಣ ಆ್ಯಪ್ ಮಾಡ್ತಿದೀನಿ, ಹೆಸರು ‘ಉಸ್ಸಪ್ಪ’. ಕಾಫಿ ಕುಯ್ಲು ಶುರುವಾದ್ರೆ ಅಲ್ಲಿನೋರು ಬೆಳಿಗ್ಗೆ ತೂಕದ ಚೀಟಿ ಎಂಟ್ರಿಗೆ ಕೂತ್ರೆ ಸಂಜೆವರೆಗೂ ಏಳಲ್ಲ. ಒಬ್ಬರಿಗೆ ಕುತ್ತಿಗೆ ನೋವು, ಒಬ್ಬರಿಗೆ ನಿದ್ದೆ ಇಲ್ಲ, ನಮ್ಮಕ್ಕನಿಗೆ ಸುಮ್‌ಸುಮ್ನೆ ಅಳು. ಅದಕ್ಕೆ ದಿನಕ್ಕೆ ಮೂರು ಸಲ ‘ಎದ್ದು ಐದು ನಿಮಿಷ ಕಿಟಕಿ ಆಚೆ ನೋಡಿ’ ಅಂತ ಹೇಳೋ ಆ್ಯಪ್.

‘ಪರೀಕ್ಷಿಸಿ’ ಗುಂಡಿ ಒತ್ತಿದ್ರೆ ಹತ್ತು ಸೆಕೆಂಡಿಗೆ ಟಣ್ ಅಂತ ಬರುತ್ತೆ. ದಿನದ್ದು ಮಾತ್ರ ಬರಲ್ಲ. ಅನುಮತಿ ಎಲ್ಲಾ ಕೊಟ್ಟಿದೀನಿ. ಆ್ಯಪ್ ಕಟ್ಟೋ ಗೂಗಲ್ ಸಾಧನ ಫ್ಲಟರಲ್ಲಿ ಮಾಡಿದ್ದು, ಸ್ಕ್ರೀನ್‌ಶಾಟ್ ಹಾಕಿದೀನಿ. ಶುಕ್ರವಾರ ತೋರಿಸ್ತೀನಿ ಅಂತ ಬಾಯಿ ಬೇರೆ ಬಿಟ್ಟಿದೀನಿ. ಬೇಗ ಹೇಳಿ.

ಆಟೋಸ್ಟಾರ್ಟ್ ಅಣ್ಣ · ಸೋಮವಾರ ರಾತ್ರಿ 10:19

ಬ್ಯಾಟರಿ. ನೂರಕ್ಕೆ ನೂರು ಬ್ಯಾಟರಿ. 2015ರಲ್ಲಿ ಆಂಡ್ರಾಯ್ಡ್ 6 ಬಂದಾಗಿಂದ ಡೋಜ್ ಅಂತ ಒಂದಿದೆ, ಫೋನ್ ಮೇಜಿನ ಮೇಲೆ ಸುಮ್ನೆ ಬಿದ್ದಿದ್ರೆ ಆ್ಯಪ್‌ಗಳನ್ನೆಲ್ಲ ಮಲಗಿಸುತ್ತೆ. ಅದರ ಮೇಲೆ ಫೋನ್ ಕಂಪನಿಯವರ ಸ್ವಂತ ಕಾರುಬಾರು ಬೇರೆ. ಸೆಟ್ಟಿಂಗ್ಸಲ್ಲಿ ಆಟೋಸ್ಟಾರ್ಟ್ (ಆ್ಯಪ್ ತಾನಾಗೇ ಶುರುವಾಗೋಕೆ ಬಿಡೋದು) ಆನ್ ಮಾಡಿ, ಬ್ಯಾಟರಿ ‘ನಿರ್ಬಂಧ ಇಲ್ಲ’ಕ್ಕೆ ಹಾಕಿ. ಮುಗೀತು.

ರತ್ನಗಿರಿಬೋರೆ · ಸೋಮವಾರ ರಾತ್ರಿ 10:41

ಯಾವ ಆಂಡ್ರಾಯ್ಡ್ ಅಂತ ಹೇಳದೇ ಹೆಂಗ್ರೀ ಹೇಳೋದು? 13 ಆದ್ರೆ ನೋಟಿಫಿಕೇಶನ್ನಿಗೇ ಬಳಕೆದಾರರ ಒಪ್ಪಿಗೆ ಕೇಳಬೇಕು. 14 ಆದ್ರೆ ನಿಖರ ಅಲಾರಂ ಅನುಮತಿ ಹೊಸದಾಗಿ ಹಾಕಿದ ಆ್ಯಪ್‌ಗೆ ತಾನಾಗೇ ಸಿಗಲ್ಲ, ಸೆಟ್ಟಿಂಗ್ಸಿಗೆ ಕಳಿಸಿ ಆನ್ ಮಾಡಿಸಬೇಕು. ‘ಅನುಮತಿ ಎಲ್ಲಾ’ ಅಂದ್ರೆ ಇವೆರಡರಲ್ಲಿ ಯಾವುದು?

ಉಸ್ಸಪ್ಪ_ಡೆವ್ · ಮಂಗಳವಾರ ಮಧ್ಯಾಹ್ನ 1:05

ಎಲ್ಲಾ ಅಂದ್ರೆ ಎಲ್ಲಾ ಸಾರ್, ಎರಡೂ. ಮೂರು ಫೋನಿದೆ: ಆಂಡ್ರಾಯ್ಡ್ 11, 13, 14. ಆಟೋಸ್ಟಾರ್ಟೂ ಹಾಕಿದೆ, ಬ್ಯಾಟರಿ ನಿರ್ಬಂಧಾನೂ ತೆಗೆದೆ. ಇವತ್ತು 11 ಗಂಟೆಗೆ ಮೂರರಲ್ಲೂ ಬರಲಿಲ್ಲ.

ರತ್ನಗಿರಿಬೋರೆ · ಮಂಗಳವಾರ ಮಧ್ಯಾಹ್ನ 1:20

ಆಂಡ್ರಾಯ್ಡ್ 11ರಲ್ಲಿ ನಿಖರ ಅಲಾರಮ್ಮಿಗೆ ಅನುಮತಿಯ ತಕರಾರೇ ಇರಲಿಲ್ಲ, ಅದು 12ರಿಂದ ಶುರುವಾಗಿದ್ದು. ಅದರಲ್ಲೂ ಇಲ್ಲ ಅಂದ್ರೆ ನಾನು ಹೇಳಿದ್ದು ಅಲ್ಲ. ಬ್ಯಾಟರೀನೂ ಅಲ್ಲ ಅನ್ಸುತ್ತೆ.

ಆಟೋಸ್ಟಾರ್ಟ್ ಅಣ್ಣ · ಮಂಗಳವಾರ ಮಧ್ಯಾಹ್ನ 1:22

ಬ್ಯಾಟರಿನೇ. ಕೆಲವು ಫೋನಲ್ಲಿ ಆ ಸೆಟ್ಟಿಂಗ್ ಎರಡು ಕಡೆ ಇರುತ್ತೆ, ಒಂದು ಕಡೆ ತೆಗೆದ್ರೆ ಇನ್ನೊಂದು ಕಡೆ ಹಿಡ್ಕೊಂಡಿರುತ್ತೆ. ಇದೆಲ್ಲ ಕಿರಿಕಿರಿನೇ ಬೇಡ, ಫೋರ್‌ಗ್ರೌಂಡ್ ಸರ್ವೀಸ್ ಹಾಕಿಬಿಡಿ, ಆ್ಯಪ್ ಮಲಗದೇ ಓಡ್ತಾನೇ ಇರುತ್ತೆ. ನನ್ನ ಹಾಲಿನ ಲೆಕ್ಕದ ಆ್ಯಪ್ ಹಂಗೇ ಎರಡು ವರ್ಷದಿಂದ ಓಡ್ತಿದೆ, ಒಂದು ಸಲಾನೂ ಸತ್ತಿಲ್ಲ.

ರತ್ನಗಿರಿಬೋರೆ · ಮಂಗಳವಾರ ಮಧ್ಯಾಹ್ನ 1:31

ದಿನಕ್ಕೆ ಮೂರು ಸಲ ಟಣ್ ಅನ್ನೋಕೆ ಇಡೀ ದಿನ ಸರ್ವೀಸಾ? ಮೇಲ್ಗಡೆ ಒಂದು ನೋಟಿಫಿಕೇಶನ್ ಪಟ್ಟಿ ಕೂತಿರುತ್ತೆ. ನೆಮ್ಮದಿ ಕೊಡೋ ಆ್ಯಪ್ ತಾನೇ ಕಣ್ಣಿಗೆ ಚುಚ್ಚೋದು ಚೆನ್ನಾಗಿರಲ್ಲ. ಆಂಡ್ರಾಯ್ಡ್ 14ಕ್ಕೆ ಮಾಡಿದ ಆ್ಯಪ್ ಆದ್ರೆ ಯಾವ ಬಗೆಯ ಸರ್ವೀಸು ಅಂತ ಘೋಷಣೆ ಬೇರೆ ಕೊಡ್ಬೇಕು. ‘ಉಸ್ಸಪ್ಪ ಬಗೆ’ ಅಂತ ಒಂದಿಲ್ಲ.

ಮೂಡಿಗೆರೆ ಮಾತುಗಾತಿ · ಮಂಗಳವಾರ ಸಂಜೆ 5:48

ಕೋಡ್ ನನಗೆ ಗೊತ್ತಾಗಲ್ಲ, ಭಾಷೆ ಬಗ್ಗೆ ಒಂದು ಮಾತು. ಸ್ಕ್ರೀನ್‌ಶಾಟಲ್ಲಿ ‘ಮಾನಸಿಕ ಆರೋಗ್ಯ ವಿರಾಮ’ ಅಂತಿದೆಯಲ್ಲ, ಅದನ್ನ ತೆಗೀರಿ ಮಾರ್ರೆ. ಫೋನ್ ಮೇಜಿನ ಮೇಲಿರುತ್ತೆ, ಪಕ್ಕದವರು ಓದ್ತಾರೆ. ‘ಏನಮ್ಮಾ, ತಲೆಗೇನಾದ್ರೂ ಆಯ್ತಾ’ ಅಂತ ಒಬ್ಬ ಕೇಳಿದ್ರೆ ಸಾಕು, ಮಾರನೇ ದಿನ ಎಲ್ಲರೂ ಆ್ಯಪ್ ತೆಗೆದುಹಾಕ್ತಾರೆ. ‘ಬಿಡುವು’ ಅಷ್ಟೇ ಸಾಕು.

ಆಟೋಸ್ಟಾರ್ಟ್ ಅಣ್ಣ · ಮಂಗಳವಾರ ಸಂಜೆ 5:55

ಮುಚ್ಚಿಟ್ರೇ ಮುಜುಗರ ಜಾಸ್ತಿ ಆಗೋದು. ಮಾನಸಿಕ ಆರೋಗ್ಯ ಅಂತ ಬಾಯಿಬಿಟ್ಟು ಹೇಳ್ಬೇಕು. ‘ವಿರಾಮ’ ಅನ್ನೋದೇ ಸರಿಯಾದ ಪದ. ಬಿಡುವು ಅಂದ್ರೆ ಕೆಲಸ ಇಲ್ಲದೋನು ಅಂತ ಅರ್ಥ ಬರುತ್ತೆ.

ಮೂಡಿಗೆರೆ ಮಾತುಗಾತಿ · ಮಂಗಳವಾರ ಸಂಜೆ 6:02

ವಿರಾಮ ಅಂದ್ರೆ ನನಗೆ ಶಾಲೆ ಗಂಟೆ, ಇಲ್ಲಾಂದ್ರೆ ಪೂರ್ಣವಿರಾಮ ನೆನಪಾಗುತ್ತೆ. ಬಾಯಿಬಿಟ್ಟು ಹೇಳೋದು ನೀವು ಹೇಳ್ಕೊಳ್ಳಿ, ಆ ಹೆಂಗಸರ ಪರವಾಗಿ ಅವರ ಫೋನ್ ಹೇಳೋದು ಬೇಡ.

ರತ್ನಗಿರಿಬೋರೆ · ಮಂಗಳವಾರ ಸಂಜೆ 6:15

ಮಾತುಗಾತಿ ಹೇಳಿದ್ದು ಸರಿ. ಲಾಕ್ ಪರದೆ ಮೇಲೆ ಒಕ್ಕಣೆ ಕಾಣದ ಹಾಗೆ ನೋಟಿಫಿಕೇಶನ್ನಿನ ಗೋಚರತೆಯನ್ನ ‘ಪ್ರೈವೇಟ್’ ಅಂತ ಕೊಡಬಹುದು, ಒಂದೇ ಸಾಲು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಒಳಗಡೆ ಎಲ್ಲಾದ್ರೂ ಹಾಕಿಡಿ, ಕನ್ನಡದಲ್ಲೂ ಮಾತಾಡ್ತಾರೆ. ಅಳು ಬರೋರಿಗೆ ಕಿಟಕಿ ನೋಡಿ ಅಂದ್ರಷ್ಟೇ ಸಾಲದು.

ಸಕಲೇಶಪುರ್ ಸಿಗ್ನಲ್ · ಮಂಗಳವಾರ ರಾತ್ರಿ 9:10

ತೋಟದಲ್ಲಿ ನೆಟ್ವರ್ಕ್ ಇಲ್ದೇ ಇದ್ರೆ ಏನ್ ಮಾಡ್ತೀರಾ? ನಾನು ಕಾಫಿ ಹಣ್ಣಿನ ಸಿಪ್ಪೆ ತೆಗೆಯೋ ಪಲ್ಪರ್ ಶೆಡ್ಡಲ್ಲೇ ಹಳೇ ಲ್ಯಾಪ್‌ಟಾಪ್ ಇಟ್ಟು ಸ್ವಂತ ಸರ್ವರ್ ಮಾಡಿದೀನಿ, ಎರಡು ಇನ್ವರ್ಟರ್ ಬ್ಯಾಟರಿ, ಮರದ ಮೇಲೆ ಆಂಟೆನಾ. ಜುಲೈ ಮಳೇಲಿ ಊರಿಗೆಲ್ಲ ಕರೆಂಟ್ ಹೋದ್ರೂ ನನ್ನದು ನಿಲ್ಲಲ್ಲ. ಪರೀಕ್ಷೆಗೆ ಅಂತಲೇ ಹಳೇ ಫೋನು ಏಳು ಸಾಲಾಗಿ ನೇತು ಹಾಕಿದೀನಿ. ಫೋಟೋ ಹಾಕ್ತೀನಿ ತಡೀರಿ.

ಹಾಂ, ಫೋನನ್ನ ಕೇಬಲಲ್ಲಿ ಕಂಪ್ಯೂಟರಿಗೆ ಸಿಕ್ಕಿಸಿ ಆಜ್ಞೆ ಕೊಡೋ ಸಾಧನ ಇದೆಯಲ್ಲ, ಎಡಿಬಿ, ಅದರಲ್ಲಿ ‘ಶೆಲ್ ಡಂಪ್‌ಸಿಸ್ ಅಲಾರಂ’ ಓಡಿಸಿ. ಯಾವ ಅಲಾರಂ ಯಾವಾಗ ಹೊಡೆಯುತ್ತೆ ಅಂತ ಅದೇ ಹೇಳುತ್ತೆ.

ರತ್ನಗಿರಿಬೋರೆ · ಮಂಗಳವಾರ ರಾತ್ರಿ 9:14

ಇದು ಫೋನೊಳಗೇ ಹೊಡೆಯೋ ಲೋಕಲ್ ನೋಟಿಫಿಕೇಶನ್ನು, ನೆಟ್ವರ್ಕೂ ಬೇಡ, ಸರ್ವರೂ ಬೇಡ. ಎಡಿಬಿ ಮಾತು ಮಾತ್ರ ಒಳ್ಳೇದು.

ಉಸ್ಸಪ್ಪ_ಡೆವ್ · ಮಂಗಳವಾರ ರಾತ್ರಿ 10:03

ಕೇಬಲ್ ಅಕ್ಕನ ಮನೇಲಿದೆ, ನಾಳೆ ಓಡಿಸ್ತೀನಿ. ತಲೆ ಕೆಟ್ಟುಹೋಗಿದೆ. ಬರಬೇಕಾದಾಗ ಬರಲ್ಲ, ಈಗ ರಾತ್ರಿ 9:30ಕ್ಕೆ ಊಟಕ್ಕೆ ಕೂತಿದ್ರೆ ಮೂರೂ ಫೋನು ಒಟ್ಟಿಗೆ ‘ಕಿಟಕಿ ಆಚೆ ನೋಡಿ’ ಅಂತವೆ. ಆಚೆ ಏನಿದೆ, ಕತ್ತಲೆ, ಮಂಜು. ನಮ್ಮಮ್ಮ ಎದ್ದು ಹೋಗಿ ನೋಡಿ ಬಂದ್ರು.

ಆಟೋಸ್ಟಾರ್ಟ್ ಅಣ್ಣ · ಮಂಗಳವಾರ ರಾತ್ರಿ 10:05

ನೋಡಿದ್ರಾ! ಡೋಜ್ ಹಿಡಿದಿಟ್ಟು ಆಮೇಲೆ ಬಿಟ್ಟಿದೆ. ಮೊದಲನೇ ದಿನಾನೇ ಹೇಳಿದ್ದೆ.

ಸಾಲಗಾಮೆ ರೋಡ್ · ಮಂಗಳವಾರ ರಾತ್ರಿ 11:26

ಹಾಸನದಿಂದ. ಒಂದೇ ಪ್ರಶ್ನೆ. 9:30ಕ್ಕೆ ಬಂದದ್ದು ಎಷ್ಟು ಗಂಟೆಯದು? ಹಿಂದಿನ ದಿನಗಳಲ್ಲೂ ಹೀಗೆ ಬಂದಿತ್ತಾ?

ಉಸ್ಸಪ್ಪ_ಡೆವ್ · ಬುಧವಾರ ಬೆಳಿಗ್ಗೆ 7:40

ಸಂಜೆ 4 ಗಂಟೆಯದು. ದಿನಾ ಬರ್ತಿತ್ತಲ್ಲ. 11ರದ್ದು 4:30ಕ್ಕೆ, 1:30ರದ್ದು 7ಕ್ಕೆ. ತಡ ಆಗಿ ಬಂದ್ರೆ ಬಂದ ಹಾಗೇನಾ? ಅದಕ್ಕೇ ‘ಬರಲ್ಲ’ ಅಂತ ಬರೆದಿದ್ದು.

ಸಾಲಗಾಮೆ ರೋಡ್ · ಬುಧವಾರ ಬೆಳಿಗ್ಗೆ 7:52

ಇದನ್ನ ಮೊದಲೇ ಹೇಳಬಾರದಿತ್ತಾ ಪುಣ್ಯಾತ್ಮ! ಮೂರೂ ಸರಿಯಾಗಿ ಐದೂವರೆ ಗಂಟೆ ತಡ. ಡೋಜ್ ಒಂದೊಂದು ಫೋನಿಗೆ ಒಂದೊಂದು ಥರ ಸತಾಯಿಸುತ್ತೆ, ಗಡಿಯಾರ ನೋಡ್ಕೊಂಡು ತಡ ಮಾಡಲ್ಲ. ಐದೂವರೆ ಅಂದ್ರೆ ಗ್ರೀನಿಚ್ಚಿಗೂ ನಮಗೂ ಇರೋ ಅಂತರ.

ಸಮಯವಲಯದ ಲೆಕ್ಕ ಮಾಡೋ ಟೈಮ್‌ಝೋನ್ ಪ್ಯಾಕೇಜಲ್ಲಿ ದತ್ತಾಂಶ ತುಂಬಿಸಿ ಬಿಟ್ಟಿದೀರಿ, ಸ್ಥಳೀಯ ವಲಯ ಯಾವುದು ಅಂತ ಕೂರಿಸಿಲ್ಲ. ಕೂರಿಸದಿದ್ರೆ ಅದರ ‘ಲೋಕಲ್’ ಅಂದ್ರೆ ಯುಟಿಸಿ, ಅಂದ್ರೆ ಗ್ರೀನಿಚ್ ಸಮಯ. ನೀವು ಹೇಳಿದ 11 ಅಲ್ಲಿನ 11, ಇಲ್ಲಿ ಸಂಜೆ 4:30. ಪರೀಕ್ಷೆ ಗುಂಡಿ ಯಾಕೆ ಸರಿಯಿತ್ತು ಅಂದ್ರೆ, ‘ಈಗಿನಿಂದ ಹತ್ತು ಸೆಕೆಂಡ್’ ಅನ್ನೋಕೆ ಯಾವ ವಲಯ ಆದ್ರೂ ಒಂದೇ. ‘ಸೆಟ್ ಲೋಕಲ್ ಲೊಕೇಶನ್’ ಕರೆದು ‘ಏಷ್ಯಾ/ಕೋಲ್ಕತಾ’ ಕೊಡಿ. ಸಿಗ್ನಲ್ ಅವರ ಎಡಿಬಿ ಆಜ್ಞೆ ಓಡಿಸಿದ್ರೆ 16:30 ಅಂತ ಎದುರಿಗೇ ಕಾಣುತ್ತೆ.

ಉಸ್ಸಪ್ಪ_ಡೆವ್ · ಬುಧವಾರ ಬೆಳಿಗ್ಗೆ 11:01

ಬಂತು ಬಂತು ಬಂತು! 11ಕ್ಕೇ! ಮೂರರಲ್ಲೂ! ಒಂದು ಸಾಲಿಗೆ ಇಷ್ಟೊಂದು ದಿನ ಹೋಯ್ತಲ್ಲ ಸಿವನೇ.

ಆಟೋಸ್ಟಾರ್ಟ್ ಅಣ್ಣ · ಬುಧವಾರ ಬೆಳಿಗ್ಗೆ 11:09

ಆದ್ರೂ ಆಟೋಸ್ಟಾರ್ಟ್ ಆನ್ ಇರ್ಲಿ.

ರತ್ನಗಿರಿಬೋರೆ · ಬುಧವಾರ ಮಧ್ಯಾಹ್ನ 12:30

ಕೋಲ್ಕತಾ ಅಂತ ಗಟ್ಟಿ ಬರೆದಿಡಬೇಡಿ. ಆ ಆಫೀಸಿನೋರ ಮಗಳು ದುಬೈಯಲ್ಲಿ ಹಾಕ್ಕೊಂಡ್ರೆ? ಫೋನಿನ ವಲಯ ಓದೋ ಪ್ಲಗಿನ್ ಇದೆ, ಅದನ್ನ ಬಳಸಿ.

ಉಸ್ಸಪ್ಪ_ಡೆವ್ · ಬುಧವಾರ ಸಂಜೆ 6:44

ಹಂಗೇ ಮಾಡಿದೆ. ಎರಡು ಫೋನ್ ಸರಿ. ಆಂಡ್ರಾಯ್ಡ್ 11ರ ಹಳೇ ಫೋನಲ್ಲಿ ಆ್ಯಪ್ ತೆರೆದ ತಕ್ಷಣ ಬೀಳುತ್ತೆ. ‘ಏಷ್ಯಾ/ಕಲ್ಕತ್ತಾ’ ಸಿಗಲಿಲ್ಲ ಅಂತ ದೋಷ.

ಸಾಲಗಾಮೆ ರೋಡ್ · ಬುಧವಾರ ಸಂಜೆ 7:15

ಕಲ್ಕತ್ತಾ ಅನ್ನೋದು ಹಳೇ ಹೆಸರು, ಕೆಲವು ಫೋನು ಇನ್ನೂ ಅದನ್ನೇ ಹೇಳ್ತವೆ. ಪ್ಯಾಕೇಜಿನ ಮಾಮೂಲಿ ಪಟ್ಟಿಯಲ್ಲಿ ಹಳೇ ಹೆಸರುಗಳನ್ನ ಬಿಟ್ಟಿದಾರೆ. ‘ಲೇಟೆಸ್ಟ್’ ಬದಲು ‘ಲೇಟೆಸ್ಟ್ ಆಲ್’ ಕಡತ ತಗೊಳ್ಳಿ, ಇಲ್ಲಾ ಕಲ್ಕತ್ತಾ ಬಂದ್ರೆ ಕೋಲ್ಕತಾ ಅಂತ ನೀವೇ ತಿದ್ದಿಕೊಳ್ಳಿ.

ಉಸ್ಸಪ್ಪ_ಡೆವ್ · ಗುರುವಾರ ಮಧ್ಯಾಹ್ನ 1:36

ಸರಿಹೋಯ್ತು. ಪದ ‘ಬಿಡುವು’ ಅಂತಲೇ ಇಟ್ಟೆ, ಅಣ್ಣ ಬೇಜಾರಾಗಬೇಡಿ. ಲಾಕ್ ಪರದೇಲಿ ಬರೀ ‘ಉಸ್ಸಪ್ಪ’ ಅಂತ ಕಾಣುತ್ತೆ. ಅಕ್ಕ ಇವತ್ತು 11ಕ್ಕೆ ಎದ್ದು ಗೇಟಿನವರೆಗೆ ನಡೆದು ಬಂದ್ಲಂತೆ, ಜೊತೆಗೆ ಇಬ್ಬರು.

ಸಕಲೇಶಪುರ್ ಸಿಗ್ನಲ್ · ಗುರುವಾರ ಮಧ್ಯಾಹ್ನ 2:20

ಇಗೋ ಏಳು ಫೋನಿನ ಫೋಟೋ. ಎಡಗಡೆಯಿಂದ ಮೂರನೇದು 2013ರದ್ದು, ಇನ್ನೂ ಚಾರ್ಜ್ ನಿಲ್ಲುತ್ತೆ.

ಆಟೋಸ್ಟಾರ್ಟ್ ಅಣ್ಣ · ಗುರುವಾರ ರಾತ್ರಿ 8:02

ಉಸ್ಸಪ್ಪ, ಫೋನ್ ಆಫ್ ಮಾಡಿ ಆನ್ ಮಾಡಿ ನೋಡಿದ್ರಾ? ರೀಸ್ಟಾರ್ಟ್ ಆದ್ರೆ ಹಾಕಿಟ್ಟ ಅಲಾರಂ ಎಲ್ಲಾ ಅಳಿಸಿಹೋಗುತ್ತೆ, ಬೂಟ್ ಆದ ಮೇಲೆ ಮತ್ತೆ ಕೂರಿಸೋ ಕೋಡ್ ತುಣುಕು (ರಿಸೀವರ್) ಆ್ಯಪಿನ ಮ್ಯಾನಿಫೆಸ್ಟ್ ಕಡತದಲ್ಲಿ ಇರಬೇಕು. ಇದು ಬ್ಯಾಟರಿ ಮಾತಲ್ಲ, ನಿಜವಾಗ್ಲೂ ಹೇಳ್ತಿದೀನಿ.

ಆಟೋಸ್ಟಾರ್ಟ್ ಅಣ್ಣ · ಶುಕ್ರವಾರ ಬೆಳಿಗ್ಗೆ 9:47

ತೋರಿಸೋಕೆ ಹೋಗೋ ಮುಂಚೆ ನೋಡ್ಕೊಳ್ಳಿ. ಹಲೋ? ಇದೀರಾ?