ಲಕ್ವಾ ಹೊಡೆದ ಅವ್ವನಿಗೆ ಯಾವ ವೀಲ್‌ಚೇರ್ ಸರಿ?

ಶಹಾಬಾದ್ ಮಗ:
ಎಲ್ಲರಿಗೂ ಶರಣು. ಅವ್ವನಿಗೆ ಲಕ್ವಾ ಹೊಡೆದು ಎಡಗೈ, ಎಡಗಾಲು ಬಿದ್ದಿವೆ, ಬಲಗಡೆ ಚೆನ್ನಾಗಿದೆ. ಕಲಬುರಗಿಯಲ್ಲಿ ಯಾವ ಅಂಗಡಿಗೆ ಹೋದರೂ ಅದೇ 18 ಇಂಚಿನ ಗಾಡಿ ತೋರಿಸುತ್ತಾರೆ. ಅವ್ವ ತೀರಾ ಸಣ್ಣಕ್ಕಿದ್ದಾಳೆ, ಅದರಲ್ಲಿ ಕೂರಿಸಿದರೆ ಎಡಕ್ಕೆ ವಾಲುತ್ತಾಳೆ. ಅಡುಗೆಮನೆ ತನಕ ತಾನೇ ಹೋಗಬೇಕು ಅಂತ ಅವಳ ಆಸೆ. ಬ್ಯಾಟರಿದೇ ತಗೋಬೇಕಾ?

ಕಲಬುರಗಿ ಫಿಸಿಯೋ:
ಬ್ಯಾಟರಿ ಆಮೇಲೆ ನೋಡೋಣ ಅಣ್ಣಾರೆ, ಮೊದಲು ಟೇಪ್ ಹಿಡೀರಿ. ಗಟ್ಟಿ ಕುರ್ಚಿ ಮೇಲೆ ನೆಟ್ಟಗೆ ಕೂರಿಸಿ ಸೊಂಟದ ಅಗಲ ಅಳೆಯಿರಿ. ಸೀಟು ಅದಕ್ಕಿಂತ ಒಂದಿಂಚು ಜಾಸ್ತಿ ಇದ್ದರೆ ಸಾಕು. ಸೀಟಿನ ಅಂಚಿಗೂ ಮೊಣಕಾಲಿನ ಹಿಂಭಾಗಕ್ಕೂ ನಡುವೆ ಎರಡು ಬೆರಳು ಹಿಡಿಯಬೇಕು.

ಒಂದೇ ಕೈಯಿಂದ ಒಂದೇ ಚಕ್ರ ತಳ್ಳಿದರೆ ಗಾಡಿ ಇದ್ದಲ್ಲೇ ಸುತ್ತುತ್ತೆ, ಮುಂದೆ ಹೋಗಲ್ಲ. ಬಲಗೈಯಿಂದ ಚಕ್ರ ತಳ್ಳುತ್ತಾ, ಬಲಗಾಲನ್ನು ನೆಲಕ್ಕೆ ಊರಿ ಗಾಡಿಯನ್ನು ಎಳೆದುಕೊಂಡು ಹೋಗುವುದನ್ನು ಕಲಿಸಬೇಕು, ಬಹಳ ಜನ ಹೀಗೇ ಮನೆತುಂಬ ಓಡಾಡುತ್ತಾರೆ. ಅದಕ್ಕೇ ಸೀಟು ತಗ್ಗಾಗಿರಬೇಕು. ಕುಶನ್ ಹಾಕಿದ ಮೇಲೂ ಬಲ ಹಿಮ್ಮಡಿ ನೆಲಕ್ಕೆ ಪೂರ್ತಿ ಊರಬೇಕು. ಬಲಗಡೆ ಫುಟ್‌ರೆಸ್ಟ್ ಬಿಚ್ಚಲು ಬರಬೇಕು. ಎಡಗಡೆಯದು ಇರಲೇಬೇಕು, ಇಲ್ಲದಿದ್ದರೆ ಆ ಕಾಲು ಜಾರಿ ಗಾಡಿಯಡಿ ಸಿಕ್ಕಿಬಿಡುತ್ತೆ. ಎಡಗಡೆ ಬ್ರೇಕಿಗೆ ಉದ್ದ ಹಿಡಿ ಹಾಕಿಸಿ, ಬಲಗೈಗೆ ಎಟುಕಲಿ.

ಚಿತ್ತಾಪುರದ ಅಕ್ಕ:
ಬಾಗಿಲೂ ಅಳೀರಿ ತಮ್ಮಾ. 18 ಇಂಚಿನ ಸೀಟು ಅಂದ್ರೆ ಚಕ್ರ ಸೇರಿ ಹೊರಗಿನ ಅಗಲ ಸುಮಾರು 25-26 ಇಂಚು ಬರುತ್ತೆ, ಹಳೇ ಮನೆಗಳ ಬಚ್ಚಲ ಬಾಗಿಲಲ್ಲಿ ಅದು ತೂರೋದೇ ಇಲ್ಲ. ಹೊಸ್ತಿಲು ಮೂರಿಂಚು ಎತ್ತರ ಇದ್ದರೆ ಮೂರಡಿ ಉದ್ದದ ಇಳಿಜಾರು ಹಲಗೆ ಮಾಡಿಸಿ. ರೆಕ್ಸಿನ್ ಸೀಟಿನ ಮೇಲೆ ಹಾಗೇ ಕೂರಿಸಬೇಡಿ! ನಮ್ಮ ಬಿಸಿಲಿಗೆ ಬೆವರು ನಿಂತು ಚರ್ಮ ಮೆತ್ತಗಾಗುತ್ತೆ, ಹುಣ್ಣಾಗಲು ಅಷ್ಟು ಸಾಕು. ಒಳ್ಳೆ ಕುಶನ್ ಹಾಕಿ, ಆಗಾಗ ಬಲಕ್ಕೆ, ಮುಂದಕ್ಕೆ ಬಾಗಿಸಿ, ರಾತ್ರಿ ಕುಂಡಿ, ಬೆನ್ನು ಕೆಂಪಾಗಿದೆಯಾ ಅಂತ ನೋಡಿ.

ಬೀದರ್‌ನವನು:
ದುಡ್ಡಿನ ತೊಂದರೆ ಇದ್ದರೆ ಯುಡಿಐಡಿ ಕಾರ್ಡ್, ಅಂದ್ರೆ ಅಂಗವಿಕಲರ ಗುರುತಿನ ಚೀಟಿ ಮಾಡಿಸಿ. ಅಂಗವೈಕಲ್ಯ ಶೇ. 40 ಅಥವಾ ಹೆಚ್ಚಿದ್ದು ಆದಾಯ ಮಿತಿಯೊಳಗಿದ್ದರೆ ಅಂಗವಿಕಲರಿಗೆ ಸಲಕರಣೆ ಕೊಡುವ ಕೇಂದ್ರದ ಎಡಿಐಪಿ ಯೋಜನೆಯಲ್ಲಿ ಗಾಡಿ ಸಿಗುತ್ತೆ. ಈ ಸಲಕರಣೆ ತಯಾರಿಸುವ ಕೇಂದ್ರ ಸರ್ಕಾರದ ಕಂಪನಿ, ಕಾನ್ಪುರದ ಅಲಿಮ್ಕೊದವರು ಕ್ಯಾಂಪ್ ಮಾಡುತ್ತಾರೆ. ಅವ್ವನನ್ನೂ ಕರ್ಕೊಂಡು ಹೋಗಿ, ಕೂರಿಸಿ ನೋಡಿಯೇ ತಗೊಳ್ಳಿ.

ಶಹಾಬಾದ್ ಮಗ:
ಅಳೆದೆ. ಸೊಂಟ 15, ಅಡುಗೆಮನೆ ಬಾಗಿಲು 27. ಹಾಗಾದ್ರೆ 16 ಇಂಚಿನ ಸೀಟು ಸಾಕಲ್ವಾ? ನೆಲ ಶಹಾಬಾದ್ ಕಲ್ಲು, ನುಣುಪು.

ಕಲಬುರಗಿ ಫಿಸಿಯೋ:
16 ಸರಿ. ನುಣುಪು ನೆಲಕ್ಕೆ ಬಲಗಾಲಿಗೆ ರಬ್ಬರ್ ಸೋಲ್ ಇರುವ, ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಹಾಕಿಸಿ. ಬರೀ ಹವಾಯಿ ಚಪ್ಪಲಿ ಬೇಡ.